ತೆಪ್ಪ ಮುಟ್ಟಬಾರದು

ಯಾಕೆ ಈಜಲು ಹೊರಟೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಬೆನ್ನುನೋವಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು ಎಂಬುದು ಒಂದು. ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಗೋಡೆಯಲ್ಲಿ ಈಜು ಸ್ಪರ್ಧೆಯ ಪೋಸ್ಟರು ಕಂಡು ಮೈ ಝುಂ ಎಂದಿತು ಎಂಬುದು ಇನ್ನೊಂದು. ಮೂರನೆಯದರಲ್ಲಿ ಸ್ವಲ್ಪ ತತ್ವಜ್ಞಾನ ಸೇರಿಕೊಂಡಿದೆ, ಅದನ್ನು ಇಲ್ಲಿ ಬರೆಯಲು ನಾಚಿಕೆ. ನಿಜ ನೋಡಿದರೆ ಬೆನ್ನುನೋವು ಬಂದದ್ದು ಈಜಿದ ಮೇಲೆ. ಪೋಸ್ಟರು ನಾನು ನೋಡುವ ಹೊತ್ತಿಗೆ ಅರ್ಧ ಹಸುವಿನ ಹೊಟ್ಟೆಯಲ್ಲಿತ್ತು, ಉಳಿದರ್ಧದಿಂದ ಮೈ ಝುಂ ಎನ್ನುವುದು ಕಷ್ಟ. ಹಾಗಾಗಿ ಗೊತ್ತಿರುವುದನ್ನಷ್ಟೇ ಹೇಳುತ್ತೇನೆ. ನಾಲೆಯ ನೀರಿನಲ್ಲಿ ತಲೆ ಮುಳುಗಿಸಿದರೆ ಯಾರ ಮಾತೂ ಕೇಳಿಸುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬೆಳಗೊಳದ ಪಕ್ಕದ ನಮ್ಮೂರಿನ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಊರಿನವರು ಹಾಲು ತಂದು ಸಾಲಾಗಿ ನಿಲ್ಲುತ್ತಿದ್ದರು. ನಾನು ಲ್ಯಾಕ್ಟೋಮೀಟರ್ ಇಳಿಬಿಟ್ಟು, ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುತ್ತಿದ್ದೆ. ಡಿಗ್ರಿ ಬಾರದವರು ಮೊದಲು ಎಮ್ಮೆಯನ್ನು ಬೈಯುತ್ತಿದ್ದರು, ಆಮೇಲೆ ಹಿಂಡಿಯನ್ನು, ಕೊನೆಗೆ ನನ್ನನ್ನು. ಅದು ಡೈರಿಯ ಬಾಗಿಲಿಗೇ ಮುಗಿಯುತ್ತಿರಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಾಗಲೂ ಪಕ್ಕದವರು ಪಾಯಸ ತೋರಿಸಿ ಇದಕ್ಕೆಷ್ಟು ಡಿಗ್ರಿ ಎಂದು ಕೇಳುತ್ತಿದ್ದರು. ಬೆಳಗಿನ ಹಾಲಿನ ಲಾರಿ ಹೋದ ಮೇಲೆ ಒಂದು ಗಂಟೆ ನಾಲೆಗೆ ಇಳಿಯುತ್ತಿದ್ದೆ. ಅಲ್ಲಿಗೆ ಮಾತ್ರ ಯಾರೂ ಹಿಂದೆ ಬರುತ್ತಿರಲಿಲ್ಲ. ಮೂವತ್ತು ತುಂಬುತ್ತಿದ್ದ ನನಗೆ ನನ್ನದು ಎಂದು ಇದ್ದದ್ದು ಆ ಒಂದು ಗಂಟೆ.

ಅದು ಅಪ್ಪನಿಗೆ ಹಿಡಿಸುತ್ತಿರಲಿಲ್ಲ.

ಅಪ್ಪ ನಾಲೆಯ ನೀರುಗಂಟಿಯಾಗಿದ್ದವನು. ಯಾವ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುತ್ತ ಮೂವತ್ತು ವರ್ಷ ಏರಿಯ ಮೇಲೆ ನಡೆದವನು. ಅಷ್ಟು ವರ್ಷ ನೀರಿನ ಪಕ್ಕದಲ್ಲೇ ಇದ್ದರೂ ಮೊಣಕಾಲಿಗಿಂತ ಮೇಲೆ ನೀರು ತಾಗಿಸಿಕೊಂಡವನಲ್ಲ, ಈಜು ಕಲಿತವನೂ ಅಲ್ಲ. ತೂಬಿನ ಕಂಬಿಗೆ ಬಂದು ಸಿಕ್ಕಿಕೊಂಡದ್ದನ್ನು ಬಿಡಿಸಿ ಹಾಕುವುದು ಅವನ ಕೆಲಸದಲ್ಲಿ ಸೇರಿತ್ತು. ಬಾಳೆಗೊನೆ, ಒಂಟಿ ಚಪ್ಪಲಿ, ಕರು. ಕೆಲವು ಸಲ ಮನುಷ್ಯರು. ಆ ದಿನ ಅಪ್ಪ ಊಟಕ್ಕೆ ಕೂರುತ್ತಿರಲಿಲ್ಲ, ಅವ್ವ ಅವನ ತಟ್ಟೆ ಎತ್ತಿಡುತ್ತಿದ್ದಳು. ನಾನು ಒದ್ದೆ ತಲೆಯಲ್ಲಿ ಮನೆಗೆ ಬಂದಾಗಲೆಲ್ಲ ಅಪ್ಪ ನನ್ನ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ನಡೆದೇ ಬಂದಿದ್ದಾನೆ ಎಂದು ಖಾತ್ರಿ ಮಾಡಿಕೊಳ್ಳುವವನ ಹಾಗೆ.

ಪೋಸ್ಟರಿನ ಅರ್ಧವನ್ನು ಓದಿ ಉಳಿದರ್ಧವನ್ನು ಊಹಿಸಿದವರು ನನ್ನ ಭಾವ. ಅಕ್ಕನ ಗಂಡ, ನಾಗಮಂಗಲದ ಕಡೆಯವರು, ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಪಾಂಡವಪುರದ ಆಚೆ ತೊಣ್ಣೂರು ಕೆರೆಯಲ್ಲಿ ಮೈಸೂರಿನ ಈಜುಗಾರರ ಸಂಘವೊಂದು ಸ್ಪರ್ಧೆ ಇಟ್ಟಿದೆ. ಕೆರೆಯ ಏರಿಯಿಂದ ಹೊರಟು ಎದುರು ದಡದ ಬಂಡೆ ಮುಟ್ಟಿ ವಾಪಸ್ಸು ಬರಬೇಕು. ಒಟ್ಟು ಐದು ಕಿಲೋಮೀಟರು. ಪ್ರತಿಯೊಬ್ಬ ಈಜುಗಾರನೂ ತನ್ನ ಜೊತೆಗೊಂದು ದೋಣಿಯೋ ತೆಪ್ಪವೋ ತಾನೇ ತರಬೇಕು. ಈಜುವಾಗ ಅದನ್ನು ಮುಟ್ಟಿದವನು ಸ್ಪರ್ಧೆಯಿಂದ ಹೊರಗೆ. ಇಷ್ಟನ್ನು ವಿಚಾರಿಸಿಕೊಂಡು ಬಂದ ಭಾವ ಅವತ್ತೇ ನನಗೆ ಕೋಚ್ ಆದರು.

ಭಾವನಿಗೆ ಈಜು ಬರುತ್ತಿರಲಿಲ್ಲ. ಅವರ ಊರಲ್ಲಿ ಎಮ್ಮೆಯ ಬೆನ್ನು ಮುಳುಗುವಷ್ಟು ನೀರೂ ಇರಲಿಲ್ಲ. ಆದರೆ ಬಸ್ಸು ಓಡಿಸಲು ಬಾರದವನೇ ತಾನೇ ಬಸ್ಸಿಗೆ ರೈಟ್ ಹೇಳುವುದು ಎಂಬುದು ಅವರ ವಾದ.

ಅಭ್ಯಾಸ ಶುರುವಾಯಿತು. ನಾನು ಊರ ಮುಂದಿನ ಸೋಪಾನಕಟ್ಟೆಯಲ್ಲಿ, ಅಂದರೆ ಹೆಂಗಸರು ಬಟ್ಟೆ ಒಗೆಯುವ ಮೆಟ್ಟಿಲಲ್ಲಿ, ಪಟಾಪಟಿ ಚಡ್ಡಿ ಹಾಕಿಕೊಂಡು ನೀರಿಗಿಳಿಯುತ್ತಿದ್ದೆ. ಭಾವ ಏರಿಯ ಮೇಲೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಬಾಯಲ್ಲಿ ಕಂಡಕ್ಟರ್ ವಿಶಲ್ಲು. ಎರಡು ಸಲ ಊದಿದರೆ ಹೊರಡಬೇಕು, ಒಂದು ಸಲ ಊದಿದರೆ ನಿಲ್ಲಬೇಕು. ದೂರವನ್ನು ಅವರು ಅಳೆಯುತ್ತಿದ್ದದ್ದು ಬಸ್ಸಿನ ಸ್ಟೇಜುಗಳಲ್ಲಿ. ಸೋಪಾನಕಟ್ಟೆಯಿಂದ ಅರಳಿಮರದ ಸೇತುವೆಗೆ ಒಂದು ಸ್ಟೇಜು, ಅಲ್ಲಿಂದ ದೊಡ್ಡ ತೂಬಿಗೆ ಇನ್ನೊಂದು. ವಿಶಲ್ಲು ಕೇಳಿಸಿದರೆ ಬಟ್ಟೆ ಒಗೆಯುವವರು ಬಸ್ಸು ಬಂತು ಎಂದು ಸೀರೆ ಜಾಲಿಸುವುದನ್ನು ನಿಲ್ಲಿಸಿ ದಾರಿ ಬಿಡುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ನಾನು ಸ್ಟೇಜಿನ ಮೇಲೆ ಸ್ಟೇಜು ದಾಟಿ ಪಕ್ಕದೂರಿನ ಸೇತುವೆಯವರೆಗೆ ಹೋಗತೊಡಗಿದೆ. ಉಸಿರು ಕೂಡ ಏರುತ್ತಿರಲಿಲ್ಲ. ಭಾವ ಸೈಕಲ್ ತುಳಿದು ಬೆವರುತ್ತಿದ್ದರು, ನಾನು ತಣ್ಣಗೆ ತಲುಪುತ್ತಿದ್ದೆ.

ನಮ್ಮ ನಾಲೆ ಬಯಲಿನಲ್ಲಿ ಈಜು ಎಂದರೆ ಇದೇ. ಒಂದು ಮೆಟ್ಟಿಲಲ್ಲಿ ಇಳಿಯುವುದು, ಮುಂದಿನ ಸೇತುವೆಯಲ್ಲಿ ಹತ್ತುವುದು. ವಾಪಸ್ಸು ಬರುವುದು ಏರಿಯ ಮೇಲೆ, ಒದ್ದೆ ಚಡ್ಡಿಯಲ್ಲಿ, ಯಾರದಾದರೂ ಸೈಕಲ್ಲಿನ ಕ್ಯಾರಿಯರ್ ಮೇಲೆ. ಈಜಿಕೊಂಡೇ ವಾಪಸ್ಸು ಬರುವ ಯೋಚನೆ ನಮ್ಮ ತಾತನ ಕಾಲದಿಂದಲೂ ಯಾರಿಗೂ ಬಂದಿರಲಿಲ್ಲ. ಗಡಿಯಾರ ನೋಡಿ, ಸ್ಟೇಜು ಕೂಡಿಸಿ, ಭಾವ ಲೆಕ್ಕ ಹಾಕಿದರು. ನಾನು ಐದು ಕಿಲೋಮೀಟರು ಮುಗಿಸಿ, ಮೈ ಒರೆಸಿಕೊಂಡು, ಕಾಫಿ ಕುಡಿದು ಕೂತಿರುವಾಗ ಮೈಸೂರಿನವರು ಒಬ್ಬೊಬ್ಬರಾಗಿ ಬರುತ್ತಾರೆ ಎಂದು ಲೆಕ್ಕ ಹೇಳಿತು.

ಸುದ್ದಿ ಅಪ್ಪನಿಗೆ ಮುಟ್ಟಿದ ದಿನ ಅವನು ಕೂಗಾಡಿದ ಎಂದು ನಾನು ಬಹಳ ಕಡೆ ಹೇಳಿದ್ದೇನೆ. ಕೂಗಾಡಿರಲಾರ, ಅವನು ಕೂಗಾಡುವವನಲ್ಲ. ಜಗಲಿಯ ಮೇಲೆ ಕೂತು ಬೀಡಿ ಹಚ್ಚಿಕೊಂಡು, ನನ್ನ ಕಾಲು ನೋಡುತ್ತ ಹೇಳಿದ್ದು ಇಷ್ಟೇ.

"ಈಜು, ಬ್ಯಾಡ ಅನ್ನಾಕಿಲ್ಲ. ನನ್ ಕಣ್ಮುಂದೆ ಈಜು. ತೆಪ್ಪದಲ್ಲಿ ನಾನ್ ಕುಂತಿರ್ತೀನಿ. ತೆಪ್ಪ ಮುಟ್ಟುದ್ಯೋ, ಅಲ್ಲಿಗ್ ಮುಗೀತು ಕಣ್ಲಾ. ಆಮ್ಯಾಲೆ ನಾಲೆಗೂ ಇಳೀಕೂಡ್ದು, ಒಳೆಗೂ ಇಳೀಕೂಡ್ದು."

ನಾನು ಒಪ್ಪಿದೆ. ಪಕ್ಕದೂರಿನ ಸೇತುವೆಯವರೆಗೆ ಉಸಿರೇರದೆ ಹೋಗುವವನಿಗೆ ತೆಪ್ಪ ಮುಟ್ಟುವ ಭಯ ಎಲ್ಲಿಂದ ಬರಬೇಕು? ಅಪ್ಪನಿಗೆ ಪಾಪ ಗೊತ್ತಿಲ್ಲ ಎಂದು ಒಳಗೊಳಗೇ ಅಂದುಕೊಂಡಿರಬೇಕು. ಆ ಒಂದು ಗಂಟೆಯನ್ನು ಪಣಕ್ಕಿಟ್ಟಿದ್ದೇನೆ ಎಂಬುದು ಹೊಳೆಯಲೇ ಇಲ್ಲ.

ಸ್ಪರ್ಧೆ ಹತ್ತಿರ ಬಂದಾಗ ನಾಲೆಗೆ ಕಟ್ಟು ಬಂತು. ಸರದಿಯ ಪ್ರಕಾರ ನಮ್ಮ ಕಡೆಯ ನೀರು ನಿಲ್ಲಿಸಿದರು. ತಳದಲ್ಲಿ ಉಳಿದದ್ದು ಕೆಸರು, ನಾಲ್ಕು ಏಡಿ, ಯಾರೋ ಕಳೆದುಕೊಂಡಿದ್ದ ಬಿಂದಿಗೆ. ಅಭ್ಯಾಸ ತಪ್ಪಬಾರದೆಂದು ಭಾವ ನನ್ನನ್ನು ಡೈರಿಯ ಬೆಂಚಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಸಿ ಕೈಕಾಲು ಬಡಿಸಿದರು. ಸಂಜೆಯ ಹಾಲು ತಂದವರೆಲ್ಲ ಸುತ್ತ ನಿಂತು ನೋಡಿದರು. ಸದಾ ಡಿಗ್ರಿ ಬಾರದ ಹಾಲು ತರುತ್ತಿದ್ದ ಅಜ್ಜಿಯೊಬ್ಬಳಿಗೆ ವರ್ಷಗಳಿಂದ ಕಾದಿದ್ದ ಅವಕಾಶ ಸಿಕ್ಕಿತು.

"ನಮ್ ಆಲಲ್ಲಿ ಅಷ್ಟೊಂದ್ ನೀರದೆ ಅಂತೀಯಲ್ಲ ಸೆಕ್ರೆಟ್ರಿ. ಬೆಂಚಿನ್ ಮ್ಯಾಲ್ ಯಾಕಪ್ಪ ಒದ್ದಾಡೀಯೆ, ನಮ್ ಕ್ಯಾನ್ಗೇ ಇಳ್ಕೊ."

ಸ್ಪರ್ಧೆಯ ದಿನ ಬೆಳಿಗ್ಗೆ ಶ್ರೀರಂಗಪಟ್ಟಣದ ಹೊಳೆ ದಡದಿಂದ ಮೀನು ಹಿಡಿಯುವವನೊಬ್ಬನನ್ನೂ ಅವನ ತೆಪ್ಪವನ್ನೂ ಭಾವನ ಬಸ್ಸಿಗೆ ಹತ್ತಿಸಿಕೊಂಡೆವು. ಅವನು ಒಳಗೆ, ತೆಪ್ಪ ಮೇಲೆ. ಟಾಪಿನಲ್ಲಿ ಬೋರಲು ಹಾಕಿದ್ದ, ಬುಟ್ಟಿಯಂಥ ದುಂಡು ತೆಪ್ಪದಿಂದ ಇಡೀ ಬಸ್ಸು ಟೋಪಿ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ಬಸ್ಸು ನಾಗಮಂಗಲಕ್ಕೆ ಹೋಗುವುದು, ತೊಣ್ಣೂರು ದಾರಿಯಲ್ಲಿ ಸಿಗುತ್ತದೆ. ಪಾಂಡವಪುರದ ನಿಲ್ದಾಣದಲ್ಲಿ ಬೋರ್ಡನ್ನೂ ತೆಪ್ಪವನ್ನೂ ಒಟ್ಟಿಗೆ ನೋಡಿದ ಒಬ್ಬರು ನಾಗಮಂಗಲದಲ್ಲಿ ಅಷ್ಟೊಂದು ಮಳೆಯೇ ಎಂದು ವಿಚಾರಿಸಿದರು. ಭಾವ ಅದನ್ನು ತಮ್ಮ ಊರಿಗಾದ ಅವಮಾನವೆಂದು ತೆಗೆದುಕೊಂಡು ಅವರಿಗೆ ಸೀಟು ಕೊಡಲಿಲ್ಲ. ಅಪ್ಪ ಕಿಟಕಿಯ ಪಕ್ಕ ಕೂತು, ತಲೆಗೆ ಟವಲು ಬಿಗಿದುಕೊಂಡು ಬಂದ. ತೊಣ್ಣೂರಿನಲ್ಲಿ ಭಾವ ಟಿಕೆಟ್ ಚೀಲವನ್ನು ಕ್ಲೀನರ್ ಕೈಗೆ ಕೊಟ್ಟು ನಮ್ಮ ಜೊತೆ ಇಳಿದರು.

ಕೆರೆಯ ಏರಿಯ ಮೇಲೆ ಶಾಮಿಯಾನ ಹಾಕಿದ್ದರು. ಮೈಸೂರಿನಿಂದ ಬಂದವರಿಗೆ ರಬ್ಬರ್ ಟೋಪಿ, ಕಣ್ಣಿಗೆ ಕನ್ನಡಕ, ಮೈಗೆ ಅಂಟಿದ ಚಡ್ಡಿ. ನನಗೆ ಪಟಾಪಟಿ. ಸಮುದ್ರ ಈಜುವವರು ಮೈಗೆ ಏನೋ ಬಳಿದುಕೊಳ್ಳುತ್ತಾರೆ ಎಂದು ಕೇಳಿದ್ದ ಭಾವ ನನಗೆ ಹರಳೆಣ್ಣೆ ಹಚ್ಚಿದರು. ಎಳೆ ಬಿಸಿಲಿಗೆ ನಾನು ಹಬ್ಬದ ಸ್ನಾನಕ್ಕೆ ಕಾದ ಮಗುವಿನ ಹಾಗೆ ಮಿರಮಿರ ಮಿಂಚುತ್ತ ಸಾಲಿನಲ್ಲಿ ನಿಂತೆ.

ಅಧಿಕಾರಿಗಳು ಒಂದು ಸಲ ವಿಶಲ್ಲು ಊದಿದರು. ಎಲ್ಲರೂ ನೀರಿಗೆ ಹಾರಿದರು. ನಾನು ನಿಂತೆ. ತಿಂಗಳುಗಟ್ಟಲೆ ಒಂದು ವಿಶಲ್ಲಿಗೆ ನಿಂತು ಅಭ್ಯಾಸವಾದ ಕಾಲುಗಳು, ಏನು ಮಾಡಿದರೂ ಏಳಲಿಲ್ಲ. ಉಳಿದವರು ಅಷ್ಟು ದೂರ ಹೋಗಿದ್ದಾರೆ, ಜನ ನಗುತ್ತಿದ್ದಾರೆ, ನಾನು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದೇನೆ. ಕೊನೆಗೆ ತೆಪ್ಪದಲ್ಲಿ ಕೂತಿದ್ದ ಭಾವ ಎರಡು ಸಲ ಊದಿ ರೈಟ್ ಎಂದ ಮೇಲೆ ಹಾರಿದೆ.

ತೊಣ್ಣೂರಿನ ನೀರು ತಿಳಿ. ತಳದ ಕಲ್ಲುಗಳು ಕಾಣುತ್ತವೆ. ನಾನು ನಾಲೆಯ ಹುರುಪಿನಲ್ಲಿ ಕೈ ಬೀಸಿದೆ, ಬೀಸಿದೆ, ಇನ್ನೂ ಬೀಸಿದೆ. ಅಷ್ಟು ಬೀಸಿದ್ದಕ್ಕೆ ನಾಲೆಯಲ್ಲಾದರೆ ಅರಳಿಮರದ ಸೇತುವೆ ದಾಟಿರಬೇಕು. ತಲೆ ಎತ್ತಿ ದಡ ನೋಡಿದರೆ ಬಿಳಿ ಪಂಚೆಯವನೊಬ್ಬ ಕೊಡೆ ಹಿಡಿದುಕೊಂಡಿದ್ದ. ಮತ್ತಷ್ಟು ಈಜಿ ನೋಡಿದೆ. ಅವನು ಅಲ್ಲೇ ಇದ್ದ. ನನ್ನ ಮೇಲಿನ ಅಭಿಮಾನಕ್ಕೆ ಏರಿಯುದ್ದಕ್ಕೂ ಜೊತೆಗೆ ನಡೆದು ಬರುತ್ತಿದ್ದಾನೆ ಅಂದುಕೊಂಡೆ. ಮೂರನೆಯ ಸಲ ಸರಿಯಾಗಿ ನೋಡಿದೆ. ಅವನು ಕಲ್ಲಿನ ಮೇಲೆ ಕೂತಿದ್ದ.

ಆಗ ತಿಳಿಯಿತು. ಇಷ್ಟು ದಿನ ನಾನು ಈಜಿರಲಿಲ್ಲ. ನಾಲೆ ಹೋಗುತ್ತಿತ್ತು, ನಾನು ಅದರಲ್ಲಿ ಪ್ರಯಾಣಿಕನಾಗಿದ್ದೆ.

ಈ ಕೆರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಒಂದೊಂದು ಮೊಳವನ್ನೂ ನಾನೇ ಹೋಗಬೇಕಿತ್ತು. ಭಾವನಿಗೆ ಉಸಿರುಗಟ್ಟುತ್ತ ವಿಷಯ ತಿಳಿಸಿದೆ. ಅವರು ನೀರನ್ನು ಒಂದು ಸಲ ನೋಡಿ, ತಪ್ಪು ಯಾರದೆಂದು ತೀರ್ಮಾನಿಸಿದರು.

"ಈ ಕೆರೇಲಿ ಪಿಕಪ್ಪೇ ಇಲ್ಲ ಬಾಮೈದ."

ತೆಪ್ಪ ದುಂಡಗಿರುವುದರಿಂದ ಎಷ್ಟೇ ಹುಟ್ಟು ಹಾಕಿದರೂ ಸುತ್ತುತ್ತದೆ. ಅದರೊಳಗೆ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ ಅಪ್ಪ ಒಮ್ಮೆ ನನ್ನ ಕಡೆ ಮುಖ ಮಾಡುತ್ತಿದ್ದ, ಒಮ್ಮೆ ಬೆನ್ನು. ಮುಖ ಬಂದಾಗಲೆಲ್ಲ ಸಾಕು ಬಾರ್ಲಾ ಎನ್ನುತ್ತಿದ್ದ. ಮುಂದಿನ ಮಾತು ಶುರುವಾಗುವಷ್ಟರಲ್ಲಿ ತೆಪ್ಪ ತಿರುಗಿ ಅದು ನಾಗಮಂಗಲದ ದಿಕ್ಕಿಗೆ ಹೋಗುತ್ತಿತ್ತು. ಹೀಗೆ ಅವನ ಬೈಗುಳದ ಅರ್ಧ ನನಗೆ, ಅರ್ಧ ಎದುರು ಗುಡ್ಡಕ್ಕೆ ಸಿಕ್ಕಿತು. ನೀರು ಕಂಡರೆ ಆಗದ ಮನುಷ್ಯ ಕೆರೆಯ ನಟ್ಟನಡುವೆ ಬುಟ್ಟಿಯಲ್ಲಿ ಕೂತು ತಿರುಗುತ್ತಿದ್ದಾನೆ, ಅದೂ ನನ್ನ ದೆಸೆಯಿಂದ ಎಂಬುದು ಆಗ ತಲೆಗೆ ಹೋಗಲಿಲ್ಲ. ನನ್ನ ಪಾಡೇ ನನಗಾಗಿತ್ತು.

ನನಗೆ ಕುಡಿಯಲು ಕೊಡುವುದಕ್ಕೆ ಭಾವ ಒಂದು ಉಪಾಯ ಮಾಡಿದ್ದರು. ಉದ್ದನೆಯ ಕಬ್ಬಿನ ಜಲ್ಲೆಯ ತುದಿಗೆ ಚೊಂಬು ಕಟ್ಟಿ, ಅದರಲ್ಲಿ ಅವ್ವ ಮಾಡಿಕೊಟ್ಟ ರಾಗಿ ಅಂಬಲಿ ಹಾಕಿ ನನ್ನ ಕಡೆ ಚಾಚುವುದು. ತೆಪ್ಪ ಮುಟ್ಟದೆ ನಾನು ಕುಡಿಯುವುದು. ಮೊದಲ ಸಲ ಚೊಂಬು ಹಣೆಗೆ ಬಡಿಯಿತು, ಎರಡನೆಯ ಸಲ ಮೀನುಗಳಿಗೆ ಅಂಬಲಿಯಾಯಿತು, ಮೂರನೆಯ ಸಲ ಬಾಯಿಗೆ ಸಿಕ್ಕಿತು. ಎದುರು ದಡದ ಬಂಡೆಯನ್ನು ಹೇಗೋ ಮುಟ್ಟಿ ತಿರುಗಿದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಅಂಬಲಿ ಕುಡಿಯಲು ಹೋದಾಗಲೆಲ್ಲ ತೆಪ್ಪ ನನಗೆ ಹತ್ತಿರ ಹತ್ತಿರವಾಗುತ್ತಿತ್ತು. ಆಯಾಸಕ್ಕೆ ಹೀಗೆ ಕಾಣುತ್ತಿದೆ ಅಂದುಕೊಂಡೆ. ಆಯಾಸವಲ್ಲ. ಜಲ್ಲೆ ಚಿಕ್ಕದಾಗುತ್ತಿತ್ತು. ಕೂತು ಬೇಜಾರಾದ ಭಾವ ಅದನ್ನು ಹಿಂದಿನ ತುದಿಯಿಂದ ತಿನ್ನುತ್ತ ಬಂದಿದ್ದರು.

ಉಳಿದ ಈಜುಗಾರರು ಆಗಲೇ ದಡ ಸೇರಿದ್ದರು. ಕೆರೆಯಲ್ಲಿ ನಾನೊಬ್ಬ. ಏರಿ ಕಾಣುತ್ತಿತ್ತು, ಆದರೆ ಕೈ ಏಳುತ್ತಿರಲಿಲ್ಲ. ಭುಜದಲ್ಲಿ ಇದ್ದದ್ದು ಕೈಯಲ್ಲ, ನೆನೆದ ಗೋಣಿಚೀಲ. ಭಾವ ಜಲ್ಲೆ ಚಾಚಿದರು. ಉಳಿದಿದ್ದದ್ದು ಒಂದು ಗೆಣ್ಣೋ ಎರಡೋ. ಅದರ ಹಿಂದೆಯೇ ತೆಪ್ಪದ ಅಂಚು, ಬಿದಿರಿನ ಹೆಣಿಗೆ, ಅದನ್ನು ಹಿಡಿದ ಅಪ್ಪನ ಬೆರಳು. ಮುಟ್ಟಿದರೆ ಎಲ್ಲ ಮುಗಿಯುತ್ತದೆ ಎಂದು ಗೊತ್ತಿತ್ತು. ನಾಳೆಯಿಂದ ಹಾಲಿನ ಲಾರಿ ಹೋದ ಮೇಲೂ ಡೈರಿಯಲ್ಲೇ ಕೂತಿರಬೇಕು, ಸಂಜೆವರೆಗೂ ಡಿಗ್ರಿಯ ಮಾತು ಕೇಳಬೇಕು. ಅದೂ ಆಗಲಿ ಅನ್ನಿಸಿತು. ಚೊಂಬನ್ನು ಬಿಟ್ಟು ಅಂಚಿಗೆ ಕೈ ಚಾಚಿದೆ.

ಕೈಗೆ ನೀರು ಸಿಕ್ಕಿತು. ತೆಪ್ಪ ಒಂದು ಮಾರು ಆಚೆ ಸರಿದಿತ್ತು.

ಅದು ಹೇಗೆ ಸರಿಯಿತು ಎಂಬ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಗಾಳಿ ಎದ್ದಿತ್ತು ಎಂದು ತೆಪ್ಪದವನು. ವಿಶಲ್ಲು ಊದಿ ತೆಪ್ಪದವನನ್ನು ಎಚ್ಚರಿಸಿದ್ದು ತಾವು ಎಂದು ಭಾವ. ದುಂಡಗಿರುವ ವಸ್ತು ಎತ್ತಲಾದರೂ ಹೋಗುತ್ತದೆ, ಅದಕ್ಕೇನು ಕೇಳುವುದು ಎಂದು ಅಪ್ಪ. ನನ್ನ ನೆನಪಿನಲ್ಲಿ ಅಪ್ಪನ ಬಲಗೈ ಮೊಣಕೈಯವರೆಗೆ ನೀರಿನಲ್ಲಿದೆ, ಹುಟ್ಟಿನ ಹಾಗೆ ನೀರನ್ನು ಎಳೆಯುತ್ತಿದೆ. ಈ ಚಿತ್ರ ನನಗೆ ಬಹಳ ಇಷ್ಟ, ಅದಕ್ಕೇ ಅದರ ಮೇಲೆ ಅನುಮಾನ. ತೆಪ್ಪದಲ್ಲಿ ಕೂತ ಯಾರ ಕೈಯಾದರೂ ಒದ್ದೆಯಾಗಿರುತ್ತದೆ. ಆದರೆ ತೆಪ್ಪ ಅರ್ಧ ತಿರುಗಿ ಮುಖ ನನ್ನ ಕಡೆ ಬಂದಾಗ ಅಪ್ಪ ಆಡಿದ ಮಾತಿನ ಬಗ್ಗೆ ನಾಲ್ವರಲ್ಲಿ ಯಾರಿಗೂ ತಕರಾರಿಲ್ಲ.

"ಮುಟ್ಬ್ಯಾಡ ಕಣ್ಲಾ. ಮುಟ್ಬುಟ್ರೆ ಮುಗ್ದೋಯ್ತದೆ."

ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ಹೇಳಿದ್ದೂ ಇದೇ ಮಾತು. ಅವತ್ತು ಅದು ಬೆದರಿಕೆ. ಈಗ ಅವನು ನನ್ನನ್ನು ಬೇಡಿಕೊಳ್ಳುತ್ತಿದ್ದ. ಬೆಳಗಿನಿಂದ ಸಾಕು ಬಾ ಎಂದು ಕರೆಯುತ್ತಿದ್ದವನು, ನಾನು ಬರಲು ಹೋದಾಗ ಬೇಡ ಅಂದ. ಏನು ಮಾಡುವುದೆಂದು ತೋಚದೆ ಮತ್ತೆ ಕೈ ಬೀಸಿದೆ.

ದಡ ಸೇರಿದಾಗ ಶಾಮಿಯಾನದ ಗೂಟ ಕೀಳುತ್ತಿದ್ದರು. ಕುರ್ಚಿ ಜೋಡಿಸುತ್ತಿದ್ದವನು ಕನಿಕರಪಟ್ಟು ನನಗೊಂದು ಕುರ್ಚಿ ಹಾಕಿದ, ಟೆಂಪೋ ಹೊರಡುತ್ತದೆಂದು ಎರಡು ನಿಮಿಷಕ್ಕೆ ಅದನ್ನೂ ವಾಪಸ್ಸು ಕೇಳಿದ. ನಾನು ಎಷ್ಟನೆಯವನು ಎಂದು ಯಾರೂ ಹೇಳಲಿಲ್ಲ, ಹೇಳಲು ಯಾರೂ ಉಳಿದಿರಲಿಲ್ಲ. ತೆಪ್ಪದಿಂದ ಇಳಿದ ಅಪ್ಪನಿಗೆ ನೆಲವೂ ತೆಪ್ಪದ ಹಾಗೆ ಸುತ್ತುತ್ತಿತ್ತು. ಕೊನೆಗೆ ಐದು ಕಿಲೋಮೀಟರು ಈಜಿದವನು ಕೂತು ಬಂದವನನ್ನು ತೋಳು ಹಿಡಿದು ಏರಿ ಹತ್ತಿಸಬೇಕಾಯಿತು. ಹರಳೆಣ್ಣೆಯ ಮೈ, ಅಪ್ಪನ ಹಿಡಿತ ಜಾರುತ್ತಲೇ ಇತ್ತು.

ವಾಪಸ್ಸು ಬರುವ ಬಸ್ಸಿನಲ್ಲಿ, ಪಾಂಡವಪುರ ದಾಟಿದ ಮೇಲೆ, ನಾಲೆ ಹರಿಯುತ್ತದೆ, ಕೆರೆ ಹರಿಯುವುದಿಲ್ಲ ಎಂಬ ನನ್ನ ಸಂಶೋಧನೆಯನ್ನು ಅಪ್ಪನಿಗೆ ವಿವರಿಸಿದೆ. ಇಷ್ಟು ದಿನ ನೋಡಿದವನು ಒಂದು ಮಾತು ಹೇಳಬಾರದಿತ್ತೇ ಎಂದೂ ಕೇಳಿದೆ. ಅಪ್ಪ ತಲೆಯ ಟವಲು ಬಿಚ್ಚಿ ಮುಖ ಒರೆಸಿಕೊಂಡ.

"ನೀರು ಅರೀತದೆ ಅಂತ ನಾನೇ ಮೂವತ್ತೊರ್ಸ ಸಂಬ್ಳ ತಕ್ಕಂಡಿವ್ನಿ," ಅಂದ. "ನಂಗೂ ಒಳೀಲೇ ಇಲ್ಲ ಕಣ್ಲಾ."

ಹಿಂದಿನ ಸೀಟಿನಿಂದ ಭಾವ, ದೋಷವೆಲ್ಲ ಕೆರೆಯದೇ ಎಂದು ಇನ್ನೊಮ್ಮೆ ಹೇಳಿದರು.

ಕಟ್ಟು ಮುಗಿದು ನಾಲೆಗೆ ನೀರು ಬಿಟ್ಟ ದಿನ ಹಾಲಿನ ಲಾರಿ ಹೋದ ಮೇಲೆ ಟವಲು ಹೆಗಲಿಗೆ ಹಾಕಿಕೊಂಡೆ. ಅಪ್ಪ ತಡೆಯಲಿಲ್ಲ. ತಾನೂ ಬಂದ. ಸೋಪಾನಕಟ್ಟೆಯಲ್ಲಿ ಇಳಿದು ಎಂದಿನಂತೆ ಸೇತುವೆಯ ಕಡೆ ತಿರುಗಿದಾಗ ಅವನು ಕೈಯಿಂದ ಮೇಲಕ್ಕೆ, ನೀರು ಬರುವ ದಿಕ್ಕಿಗೆ ತೋರಿಸಿದ. ನಾನು ತಿರುಗಿ ನೀರಿಗೆದುರಾಗಿ ಈಜತೊಡಗಿದೆ. ಕೈ ಬೀಸಿದಷ್ಟೂ ನೀರು ಹಿಂದಕ್ಕೆ ತಳ್ಳುತ್ತಿತ್ತು. ನಾನು ಬಿಟ್ಟರೆ ಕೆಳಗೆ, ಬೀಸಿದರೆ ಅಲ್ಲೇ. ಒಂದು ಗಂಟೆ ಪೂರ್ತಿ ಅದೇ ಮೆಟ್ಟಿಲಿನೆದುರು, ಅದೇ ಒಗೆಯುವ ಕಲ್ಲಿನ ಪಕ್ಕ.

ಅಪ್ಪ ಮೇಲಿನ ಮೆಟ್ಟಿಲಲ್ಲಿ ಕೂತು ಬೀಡಿ ಹಚ್ಚಿದ. ಸೈಕಲ್ಲು ಬೇಕಿರಲಿಲ್ಲ, ಏರಿಯುದ್ದಕ್ಕೂ ನಡೆಯಬೇಕಿರಲಿಲ್ಲ. ಉಸಿರಿಗೆ ತಲೆ ಎತ್ತಿದಾಗಲೆಲ್ಲ ಅವನು ಕಾಣುತ್ತಿದ್ದ. ಈ ಸಲ ನನ್ನ ಮುಖ ನೋಡುತ್ತಿದ್ದ, ಕಾಲು ನೀರಿನೊಳಗಿತ್ತಲ್ಲ.

ಬಟ್ಟೆ ಜಾಲಿಸಲು ಬಂದ ಹೆಂಗಸೊಬ್ಬಳು ಸ್ವಲ್ಪ ಹೊತ್ತು ನನ್ನನ್ನು ನೋಡಿ ಅಪ್ಪನ ಕಡೆ ತಿರುಗಿದಳು.

"ಏನಣ್ಣ ನಿಮ್ಮುಡ್ಗ, ಅಷ್ಟೊತ್ತಿಂದ ಬಡೀತಾವ್ನೆ, ಅಲ್ಲೇ ಅವ್ನಲ್ಲ?"

ಅಪ್ಪ ಬೀಡಿಯ ಬೂದಿ ಕೊಡವಿದ.

"ಅಲ್ಲೇ ಇರ್ಲಿ ಬುಡವ್ವ," ಅಂದ.